ಹಳೆಯ ಪಟ್ಟಿಗೆ ಹೊಸ ಬೆಳಕು



ಪೀಣ್ಯ, ದಾಸರಹಳ್ಳಿ ಕಡೆಯ ಬಾಡಿಗೆ ಮನೆಗಳ ಗೋಡೆಯಲ್ಲಿ ತಗಡಿನ ಪಟ್ಟಿಯ ಹಳೆಯ ಟ್ಯೂಬ್‌ಲೈಟ್ ಇನ್ನೂ ಅಲ್ಲಲ್ಲಿ ಉಳಿದಿದೆ. ಸ್ವಿಚ್ ಒತ್ತಿದರೆ ಹತ್ತು ಸಲ ಮಿಟುಕಿಸಿ, ಗುಂಯ್‌ಗುಟ್ಟುತ್ತಾ ಹೊತ್ತಿಕೊಳ್ಳುತ್ತದೆ. ಗಾರ್ಮೆಂಟ್ಸ್‌ನಿಂದ ದಣಿದು ಬಂದ ತಾಯಿ ಅಕ್ಕಿ ಆರಿಸುವುದೂ ಅದರ ಕೆಳಗೇ, ಮಕ್ಕಳು ಓದುವುದೂ ಅದರ ಕೆಳಗೇ. "ಬಾಡಿಗೆ ಮನೆಗೆ ನಾವೇಕೆ ಖರ್ಚು ಮಾಡಬೇಕು?" ಎಂದು ಸುಮ್ಮನಿರುತ್ತೇವೆ. ಆದರೆ ಆ ದೀಪ ದಿನವೂ ನಮ್ಮಿಂದ ಖರ್ಚು ಮಾಡಿಸುತ್ತಿದೆ.

ಲೆಕ್ಕ ಹಾಕಿ ನೋಡೋಣ. ಹಳೆಯ ಟ್ಯೂಬ್ 40 ವಾಟ್. ಪಟ್ಟಿಯೊಳಗಿನ ಚೋಕ್ ಸುಮಾರು 10 ವಾಟ್ ನುಂಗುತ್ತದೆ. ದಿನಕ್ಕೆ 6 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 20 ವಾಟ್‌ನ ಎಲ್‌ಇಡಿ ಟ್ಯೂಬ್‌ಗೆ ಮೂರೂವರೆ ಯೂನಿಟ್ ಚಿಲ್ಲರೆ ಸಾಕು. ಮೂರು ದೀಪ ಬದಲಿಸಿದರೆ ಸುಮಾರು 16 ಯೂನಿಟ್ ಉಳಿಯಿತು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ "ಕರೆಂಟ್ ಉಚಿತವಲ್ಲವೇ?" ಎನ್ನುವವರಿದ್ದಾರೆ. ಉಚಿತವೆಂದರೆ ಮನೆಯ ಹಿಂದಿನ ಸರಾಸರಿ ಬಳಕೆಗೆ ತುಸು ಸೇರಿಸಿ ನಿಗದಿ ಮಾಡಿದ ಯೂನಿಟ್ ಮಾತ್ರ. ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು. ತಿಂಗಳಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಬೇಸಿಗೆಯಲ್ಲಿ ಫ್ಯಾನ್ ಹಗಲಿರುಳೂ ತಿರುಗುವಾಗ ಈ 16 ಯೂನಿಟ್ ಸಣ್ಣದಲ್ಲ.

ಹಳೆಯ ಪಟ್ಟಿ ಗಟ್ಟಿಯಾಗಿದ್ದರೆ ಎಸೆಯಬೇಕಿಲ್ಲ. ಚೋಕ್, ಸ್ಟಾರ್ಟರ್ ತೆಗೆದು ವೈರನ್ನು ನೇರವಾಗಿ ಜೋಡಿಸಿ ಅದರಲ್ಲೇ ಎಲ್‌ಇಡಿ ಟ್ಯೂಬ್ ಕೂರಿಸಬಹುದು. ಕೆಲವು ಟ್ಯೂಬ್‌ಗೆ ಒಂದೇ ತುದಿಯಿಂದ, ಕೆಲವಕ್ಕೆ ಎರಡೂ ತುದಿಯಿಂದ ಕರೆಂಟ್ ಕೊಡಬೇಕು. ಆದ್ದರಿಂದ ಡಬ್ಬಿಯ ಮೇಲಿನ ಚಿತ್ರವನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಈ ಕೆಲಸ ಅವರೇ ಮಾಡಲಿ. ಹಳೆಯ ವೈರಿಂಗ್‌ನಲ್ಲಿ ಸ್ವಿಚ್ ಆರಿಸಿದರೂ ದೀಪಕ್ಕೆ ಕರೆಂಟ್ ಬರುತ್ತಿರಬಹುದು. ಮೇನ್ ಆಫ್ ಮಾಡಿದ ಮೇಲೆಯೇ ಪಟ್ಟಿಗೆ ಕೈ ಹಾಕಬೇಕು. ಪಟ್ಟಿ ತುಕ್ಕು ಹಿಡಿದಿದ್ದರೆ, ಹೋಲ್ಡರ್ ಸೀಳಿದ್ದರೆ ಪಟ್ಟಿ ಸಮೇತ ಬರುವ ಎಲ್‌ಇಡಿಯೇ ವಾಸಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ಹೇಳಿ. ತೆಗೆದ ಸಾಮಾನನ್ನು ಜೋಪಾನವಾಗಿಡಿ. ಮನೆ ಬಿಡುವಾಗ ನಿಮ್ಮ ದೀಪ ನಿಮ್ಮೊಂದಿಗೇ ಬರುತ್ತದೆ.

ಎಲ್ಲವನ್ನೂ ಒಮ್ಮೆಲೇ ಬದಲಿಸಬೇಕಿಲ್ಲ. ಹೆಚ್ಚು ಹೊತ್ತು ಉರಿಯುವ ಅಡುಗೆಮನೆ, ಮಕ್ಕಳು ಓದುವ ಕೋಣೆ ಮೊದಲು, ಬಚ್ಚಲಿನದು ಕೊನೆಗೆ. ಅಡುಗೆಮನೆಯ ದೀಪ ಬೆನ್ನ ಹಿಂದಿದ್ದರೆ ನಮ್ಮ ನೆರಳೇ ಈಳಿಗೆಯ ಮೇಲೆ ಬೀಳುತ್ತದೆ. ಪಟ್ಟಿ ಹೇಗೂ ಬಿಚ್ಚುವಾಗ ಅದನ್ನು ಒಲೆಯ ಪಕ್ಕದ ಗೋಡೆಗೆ ಸರಿಸಲು ಕೇಳಿ.

ಕಡೆಯದಾಗಿ ಒಂದು ಎಚ್ಚರ. ಹಳೆಯ ಟ್ಯೂಬ್‌ನೊಳಗೆ ಪಾದರಸವಿದೆ. ಅದನ್ನು ಒಡೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಕಾಗದದಲ್ಲಿ ಸುತ್ತಿ, ಹಸಿ ಕಸಕ್ಕೆ ಸೇರಿಸದೆ, ಕಸದ ಗಾಡಿಯವರಿಗೆ ತಿಳಿಸಿ ಬೇರೆಯಾಗಿ ಕೊಡಿ. ಅಕಸ್ಮಾತ್ ಒಡೆದರೆ ಕಿಟಕಿ ತೆರೆದಿಟ್ಟು ಸ್ವಲ್ಪ ಹೊತ್ತು ಹೊರಗಿರಿ. ಚೂರುಗಳನ್ನು ಬರಿಗೈಯಿಂದ ಮುಟ್ಟಬೇಡಿ.

ಈ ತಿಂಗಳು ಒಂದು ದೀಪ ಬದಲಿಸಿ. ಮುಂದಿನ ಬಿಲ್ ಬಂದಾಗ ಹಣದ ಸಾಲಿಗಿಂತ ಮೊದಲು ಯೂನಿಟ್‌ನ ಸಾಲನ್ನು ನೋಡಿ. ಆ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ.