ತಿಂಗಳಿಗೆ 88 ಹಲ್ಲು

ಎರಡೆರಡು ಡೆಂಟಲ್ ಸೀಟು ಕೈಯಲ್ಲಿ ಇಟ್ಕೊಂಡು ಯಾವುದನ್ನ ಬಿಡೋದು ಅಂತ ಒದ್ದಾಡೋ ಭಾಗ್ಯ ಎಲ್ಲರ ಮನೆಗೂ ಬರಲ್ಲ. ಈ ಸಲ ನಮ್ಮ ಚಿಕ್ಕಪ್ಪನ ಮನೆಗೆ ಬಂದಿದೆ. ಹುಣಸೂರು ತಾಲ್ಲೂಕಿನ ಆ ಮನೆಯಲ್ಲಿ ಒಂದು ವಾರದಿಂದ ಬೇರೆ ಮಾತೇ ಇಲ್ಲ. ಫೋನ್ ಮಾಡಿದವರೆಲ್ಲ ಒಂದೊಂದು ಸಲಹೆ ಕೊಟ್ಟಿದ್ದಾರೆ, ಮನೆಯಲ್ಲಿ ಓದಿದವನು ಅಂತ ನನ್ನನ್ನೂ ಕೇಳಿದ್ದಾರೆ. ಹೇಳಿದ್ದನ್ನೇ ಇಲ್ಲೂ ಬರೆದು ಹಾಕ್ತಿದೀನಿ. ಮುಂದಿನ ವರ್ಷ ನಿಮ್ಮ ಮನೆಯಲ್ಲೂ ಯಾರಿಗಾದರೂ ಇದೇ ತಲೆನೋವು ಬರಬಹುದು (ತಲೆನೋವಲ್ಲ, ಹಲ್ಲುನೋವು :-) ).

ಮೊದಲು, ಎರಡು ಸೀಟು ಸಿಗೋದು ಹೇಗೆ ಅನ್ನೋದು. ಅಮೆರಿಕದಲ್ಲಿ ಕಾಲೇಜುಗಳೇ ಸಂದರ್ಶನ ಮಾಡಿ ಬಾ ಅಂತ ಪತ್ರ ಕಳಿಸ್ತಾವೆ. ನಮ್ಮಲ್ಲಿ ನೀಟ್ ರ್‍ಯಾಂಕ್ ಇಟ್ಕೊಂಡು ಕಾಲೇಜುಗಳ ಪಟ್ಟಿಯನ್ನ ನಮಗೆ ಬೇಕಾದ ಕ್ರಮದಲ್ಲಿ ತುಂಬಬೇಕು, ಕಂಪ್ಯೂಟರ್ ಅದರಲ್ಲಿ ಒಂದೇ ಒಂದನ್ನ ಕೊಡುತ್ತೆ. ಆದರೆ ಕೌನ್ಸೆಲಿಂಗ್ ಎರಡು. ರಾಜ್ಯದ್ದು ಮಲ್ಲೇಶ್ವರದ ಕೆಇಎ ನಡೆಸೋದು, ಡೀಮ್ಡ್ ವಿಶ್ವವಿದ್ಯಾಲಯಗಳದ್ದು ದೆಹಲಿಯ ಎಂಸಿಸಿ ನಡೆಸೋದು. ಎರಡಕ್ಕೂ ಅರ್ಜಿ ಹಾಕಿದವರಿಗೆ ಮೊದಲ ಸುತ್ತಿನಲ್ಲಿ ಎರಡು ಕಡೆಯೂ ಸೀಟು ಬರಬಹುದು. ಆಮೇಲೆ ನಾಲ್ಕೈದು ದಿನದೊಳಗೆ ತೀರ್ಮಾನ ಆಗಬೇಕು, ಯಾಕಂದ್ರೆ ಮಾರ್ಕ್ಸ್ ಕಾರ್ಡು, ಟಿಸಿ ಎಲ್ಲ ಇರೋದು ಒಂದೇ ಸೆಟ್ಟು! ಕೆಇಎ ಕಡೆ ಚಾಯ್ಸ್ 1, 2, 3, 4 ಅಂತ ಬೇರೆ ಇದೆ. ಒಪ್ಪಿ ಸೇರ್ತೀನಿ, ಒಪ್ತೀನಿ ಆದರೆ ಮುಂದಿನ ಸುತ್ತಿಗೂ ಇರ್ತೀನಿ, ಇದು ಬೇಡ ಮುಂದಿನದು ನೋಡ್ತೀನಿ, ಸಹವಾಸವೇ ಬೇಡ. ಹಳ್ಳಿಯ ಸೈಬರ್ ಸೆಂಟರಿನಲ್ಲಿ ಈ ನಾಲ್ಕರಲ್ಲಿ ಒಂದನ್ನ ಒತ್ತೋ ಕ್ಷಣ ಇದೆಯಲ್ಲ, ಅದರ ಮುಂದೆ ನಮ್ಮ ಪ್ರೊಡಕ್ಷನ್ ರಿಲೀಸು ಏನೂ ಅಲ್ಲ.

ನಮ್ಮ ಹುಡುಗಿಗೆ ಬಂದಿರೋದು ಇವು. ಕೆಇಎಯಿಂದ ವಿರಾಜಪೇಟೆಯ ಕೊಡಗು ದಂತ ವೈದ್ಯಕೀಯ ಕಾಲೇಜು, ಅದೂ ಸರ್ಕಾರಿ ಕೋಟಾದಲ್ಲಿ. ಎಂಸಿಸಿಯಿಂದ ಮೈಸೂರಿನ ಜೆಎಸ್ಎಸ್ ದಂತ ವೈದ್ಯಕೀಯ ಕಾಲೇಜು. ಬನ್ನಿಮಂಟಪದ ಜೆಎಸ್ಎಸ್ 1986ರಲ್ಲಿ ಶುರುವಾದದ್ದು, ಮಗ್ಗುಲದ ಕಾಲೇಜು 1999ರದ್ದು. ಮೊದಲನೆಯದು 2008ರಲ್ಲಿ ಡೀಮ್ಡ್ ಆದ ಜೆಎಸ್ಎಸ್ ವಿಶ್ವವಿದ್ಯಾಲಯದ ಅಂಗ, ಅವರದೇ ಪದವಿ. ಎರಡನೆಯದಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪದವಿ. ಎರಡೂ ಕಡೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮುಗಿದ ಮೇಲೆ ಹೆಸರು ಬರೆಸೋದು ಅದೇ ರಾಜ್ಯ ದಂತ ಪರಿಷತ್ತಿನಲ್ಲಿ.

ಹುಣಸೂರಿನ ಭೂಗೋಳ ಗೊತ್ತಿರೋರಿಗೆ ಇದು ಎಂಥ ಪೇಚು ಅಂತ ಅರ್ಥ ಆಗುತ್ತೆ. ಪೂರ್ವಕ್ಕೆ ಸುಮಾರು 45 ಕಿಲೋಮೀಟರ್ ಹೋದರೆ ಮೈಸೂರು. ಪಶ್ಚಿಮಕ್ಕೆ ನಾಗರಹೊಳೆ ಕಾಡಿನ ನಡುವೆ ತಿತಿಮತಿ, ಗೋಣಿಕೊಪ್ಪ ದಾಟಿ ಅರವತ್ತು ಚಿಲ್ಲರೆ ಹೋದರೆ ವಿರಾಜಪೇಟೆ. ಕೆ.ಆರ್. ನಗರದವರಿಗೋ ಎಚ್.ಡಿ. ಕೋಟೆಯವರಿಗೋ ಆಗಿದ್ದರೆ ಮೈಸೂರೇ ಸಲೀಸು ಅಂತ ಮಾತು ಮುಗೀತಿತ್ತು. ಪಿರಿಯಾಪಟ್ಟಣದವರಾಗಿದ್ದರೆ ವಿರಾಜಪೇಟೆಯೇ ಹತ್ತಿರ. ಹುಣಸೂರು ಮಾತ್ರ ಎರಡಕ್ಕೂ ನಡುವೆ.

ಚಿಕ್ಕಪ್ಪನ ವಾದ ಒಂದೇ ಸಾಲಿನದು. "ಏನೇ ಹೇಳು, ಮೈಸೂರು ಮೈಸೂರೇ ಕಣಪ್ಪ." ನಮ್ಮ ನಾಲ್ಕು ತಾಲ್ಲೂಕಿನವರಿಗೂ ಮೈಸೂರು ಅಂದರೆ ಆಸ್ಪತ್ರೆ, ಕಾಲೇಜು, ಮದುವೆ ಸೀರೆ, ಕೋರ್ಟು ಎಲ್ಲ. ಚಿಕ್ಕಮ್ಮನಿಗೆ ಕಾಡಿನ ದಾರಿ ಅಂದರೆ ಭಯ, ಜೊತೆಗೆ ಮೈಸೂರಲ್ಲಿ ಅವರ ತಂಗಿ ಮನೆ ಇದೆ. ಇದರಲ್ಲಿ ಯಾವುದೂ ಹುಚ್ಚು ಮಾತಲ್ಲ. ಆದರೆ ಇದರಲ್ಲಿ ಯಾವುದೂ ಹಲ್ಲಿನ ವಿಷಯವೂ ಅಲ್ಲ.

ನಾನು ಮಾಡಿದ್ದು ಒಂದು ಸ್ಪ್ರೆಡ್‌ಶೀಟು. (ಸಾಫ್ಟ್‌ವೇರ್ ಮಂದಿಗೆ ಬೇರೆ ಏನು ಬರುತ್ತೆ ಹೇಳಿ.) ಡೀಮ್ಡ್ ಸೀಟಿನ ಶುಲ್ಕ ಸರ್ಕಾರಿ ಕೋಟಾ ಶುಲ್ಕದ ಹಲವು ಪಟ್ಟು. ಐದು ವರ್ಷ ಹಾಸ್ಟೆಲ್ಲು, ಊಟ, ಉಪಕರಣ ಎಲ್ಲ ಸೇರಿ ಒಂದು ದಾರಿಗೆ 20 ಲಕ್ಷ, ಇನ್ನೊಂದಕ್ಕೆ 3 ಲಕ್ಷ ಸಾಲ ಬೇಕಾಗುತ್ತೆ ಅಂತ ಲೆಕ್ಕಕ್ಕೆ ಇಟ್ಕೊಳ್ಳಿ. ಶೇಕಡಾ 10 ಬಡ್ಡಿ, ಹತ್ತು ವರ್ಷದ ಕಂತು. 20 ಲಕ್ಷಕ್ಕೆ ತಿಂಗಳ ಕಂತು ಸುಮಾರು 26,430 ರೂಪಾಯಿ. 3 ಲಕ್ಷಕ್ಕೆ 3,965. ಓದುವಾಗ ಬೆಳೆಯೋ ಬಡ್ಡಿಯನ್ನ ನಾನಿಲ್ಲಿ ಸೇರಿಸೇ ಇಲ್ಲ. ಈಗ ಹುಣಸೂರಲ್ಲೋ ಕೋಟೆಯಲ್ಲೋ ಕ್ಲಿನಿಕ್ ಇಟ್ಟು, ಒಂದು ಹಲ್ಲು ಕೀಳೋಕೆ 300 ರೂಪಾಯಿ ತಗೊಳ್ತೀರಿ ಅಂದ್ಕೊಳ್ಳಿ. ಬ್ಯಾಂಕಿನ ಕಂತಿಗೇ ತಿಂಗಳಿಗೆ 88 ಹಲ್ಲು ಕೀಳಬೇಕು! ಅಂಗಡಿ ಬಾಡಿಗೆ, ಕರೆಂಟು, ಕುರ್ಚಿಯ ಸಾಲ, ಸಹಾಯಕಿಯ ಸಂಬಳ ಎಲ್ಲ ಅದಾದ ಮೇಲೆ. ಇನ್ನೊಂದು ದಾರಿಯಲ್ಲಾದರೆ 13 ಹಲ್ಲು, ಹೆಚ್ಚಂದ್ರೆ 14.

ಇದನ್ನ ಹೇಳಿದಾಗ ಚಿಕ್ಕಪ್ಪ ನಕ್ಕರು. ನಗು ನಿಂತ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಯಾಕಂದ್ರೆ 88 ಹಲ್ಲಿನ ಲೆಕ್ಕ ಹುಣಸೂರಲ್ಲಿ ಹುಟ್ಟಲ್ಲ. ಹುಟ್ಟದಿದ್ದಾಗ ಡಾಕ್ಟರು ಏನು ಮಾಡ್ತಾರೆ? ಒಂದೋ ಬೆಂಗಳೂರಿಗೆ ಹೋಗಿ ಯಾವುದೋ ಸರಣಿ ಕ್ಲಿನಿಕ್ಕಿನಲ್ಲಿ ಸಂಬಳಕ್ಕೆ ಸೇರ್ತಾರೆ, ಇಲ್ಲಾ 300ರ ಕೆಲಸಕ್ಕೆ ಬಂದವರಿಗೆ 6,000ದ ಕೆಲಸ ಹೇಳೋ ಹಾಗಾಗುತ್ತೆ. ಕೆಟ್ಟವರಾಗಿ ಅಲ್ಲ, ಕಂತಿನ ದಿನ ಹತ್ತಿರ ಬಂದಿರುತ್ತೆ ಅಷ್ಟೇ. ಯಾವ ಕಾಲೇಜು ಅನ್ನೋದು ನಾಳೆ ಯಾರ ಬಾಯಿ ನೋಡೋಕೆ ನಿನಗೆ ಪುರುಸೊತ್ತಿರುತ್ತೆ ಅನ್ನೋದನ್ನ ಇವತ್ತೇ ತೀರ್ಮಾನ ಮಾಡಿಬಿಡುತ್ತೆ. ಹುಡುಗಿ ಊರಿಗೇ ವಾಪಸ್ ಬರ್ತೀನಿ ಅಂತಿದ್ದಾಳೆ. ಬರೋ ಆಸೆ ಇರೋರು ಬರೋ ಅಷ್ಟು ಸಾಲವನ್ನೇ ಮಾಡಬೇಕು ಅನ್ನೋದು ನನ್ನ ವಾದ.

ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖವೂ ಇದೆ. ಚಿಕ್ಕಪ್ಪನದು ಹೊಗೆಸೊಪ್ಪು. ಬೋರ್ಡಿನ ಲೈಸೆನ್ಸು, ಒಂದು ಬ್ಯಾರನ್ನು, ಉಳಿದ ಜಾಗದಲ್ಲಿ ರಾಗಿ. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೆ.ಆರ್. ನಗರ ಕಡೆ ಎಷ್ಟೋ ಮಕ್ಕಳ ಫೀಸು ಬಂದಿರೋದು ವರ್ಜೀನಿಯಾ ತಂಬಾಕಿನ ಬೇಲುಗಳಿಂದಲೇ. ಕಷ್ಟ ಏನಂದ್ರೆ ಕಾಲೇಜಿನವರು ಫೀಸು ಕೇಳೋ ಹೊತ್ತಿಗೆ ಸೊಪ್ಪು ಇನ್ನೂ ಬ್ಯಾರನ್ನಲ್ಲೋ ಮನೆಯ ಅಟ್ಟದಲ್ಲೋ ಇರುತ್ತೆ. ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಆಗಷ್ಟೇ ಶುರುವಾಗಿರುತ್ತೆ, ಇಲ್ಲಾ ಶುರುವೇ ಆಗಿರಲ್ಲ. ಆಮೇಲೆ ದರ ಬಿದ್ದರೆ? ಬಡ್ಡಿಗೆ ಕೊಡೋರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಬ್ಯಾಂಕಿಗೆ ಹೋದರೆ ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳ್ತಾರೆ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರೋರಿಗೆ ಅಡಮಾನ ಬೇಡ, ನಿಜ. ಆದರೆ ಅಡಮಾನ ಇಲ್ಲದ ಸಾಲವೂ ಸಾಲವೇ, ಕಂತು ಅಷ್ಟೇ.

ಅದೇ ತಾಲ್ಲೂಕಿನ ಬಾಯಿಗಳ ಕತೆ ನೋಡಿ. ಬೆಳೆಯೋ ತಂಬಾಕು ಸಿಗರೇಟಿಗೆ ಹೋಗುತ್ತೆ, ಬಹುಪಾಲು ಪರದೇಶಕ್ಕೆ. ಬಾಯಿಗೆ ಬೀಳೋದು ಎಲೆಅಡಿಕೆ, ಕಡ್ಡಿಪುಡಿ, ಪಾಕೀಟು. ಗುಟ್ಕಾವನ್ನ ರಾಜ್ಯ ಸರ್ಕಾರ 2013ರಲ್ಲೇ ನಿಷೇಧ ಮಾಡಿತು. ಆದರೂ ಅಡಿಕೆ ಅಗಿದು ಅಗಿದು ಬಾಯಿ ಎರಡು ಬೆರಳೂ ಹೋಗದಷ್ಟು ಬಿಗಿದುಕೊಂಡವರು ಊರಲ್ಲಿದ್ದಾರೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ ಅದಕ್ಕೆ, ಕ್ಯಾನ್ಸರಿಗೆ ತಿರುಗಬಹುದಾದ ಕಾಯಿಲೆ. ಅಂಥವರು ಮೊದಲು ತೋರಿಸೋದು ಊರಲ್ಲಿ 300 ರೂಪಾಯಿಗೆ ಹಲ್ಲು ಕೀಳೋ ಡಾಕ್ಟರಿಗೇ. ಕನ್ನಡಿ ಹಿಡಿದು ಕೆನ್ನೆಯ ಒಳಭಾಗ ಐದು ನಿಮಿಷ ನೋಡೋ ವ್ಯವಧಾನ ಆ ಡಾಕ್ಟರಿಗೆ ಇರಬೇಕು.

ಇನ್ನು ಕಲಿಕೆ. ದಂತ ವೈದ್ಯರಾಗಿರೋ ಸ್ನೇಹಿತರನ್ನ ಕೇಳಿದರೆ ಎಲ್ಲರೂ ಹೇಳೋದು ಒಂದೇ: ಕಟ್ಟಡ ನೋಡಬೇಡ, ರೋಗಿಗಳನ್ನ ಎಣಿಸು. ಮೊದಲ ವರ್ಷ ಮೇಣದಲ್ಲಿ ಹಲ್ಲು ಕೆತ್ತೋದು, ಎರಡನೇ ವರ್ಷ ಬೊಂಬೆ ತಲೆಯ ಮೇಲೆ ಅಭ್ಯಾಸ. ಮೂರನೇ ವರ್ಷದಿಂದ ನಿಜವಾದ ಮನುಷ್ಯರು ಬೇಕು. ಪರೀಕ್ಷೆಗೆ ಕೂರೋ ಮುಂಚೆ ಇಷ್ಟು ಹಲ್ಲು ಕೀಳಬೇಕು, ಇಷ್ಟು ತುಂಬಬೇಕು, ಇಷ್ಟು ಸೆಟ್ ಹಲ್ಲು ಕಟ್ಟಬೇಕು ಅಂತ ಲೆಕ್ಕ ಇರುತ್ತೆ. ರೋಗಿಗಳು ಬರದ ಕಾಲೇಜಲ್ಲಿ ಹುಡುಗರು ಅಜ್ಜ ಅಜ್ಜಿಯರನ್ನ ಬಸ್ ಚಾರ್ಜು ಕೊಟ್ಟು ಕರ್ಕೊಂಡು ಬರ್ತಾರೆ! ಬಿಪಿಎಲ್ ಕುಟುಂಬದ ವಯಸ್ಸಾದವರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡೋ ದಂತಭಾಗ್ಯ ಯೋಜನೆಯನ್ನ ರಾಜ್ಯ ಸರ್ಕಾರ ತಂದಾಗ ಅದರಲ್ಲಿ ದಂತ ಕಾಲೇಜುಗಳನ್ನೂ ಸೇರಿಸಿತ್ತು. ಅಜ್ಜಿಗೆ ಹಲ್ಲು, ಹುಡುಗನಿಗೆ ಪಾಠ. ನಾವು ಕೋಡಿಂಗನ್ನ ಮನೆಯಲ್ಲಿ ಕೂತು ಕಲೀಬಹುದು, ತಪ್ಪಿದರೆ ಕಂಟ್ರೋಲ್ ಝಡ್ ಇದೆ. ಕಿತ್ತ ಹಲ್ಲಿಗೆ ಅನ್‌ಡೂ ಇಲ್ಲ.

2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯಲ್ಲಿ ಎಲ್ಲ ಕಾಲೇಜಿನವರಿಗೂ ಕೊನೆಗೆ ಒಂದೇ ನಿರ್ಗಮನ ಪರೀಕ್ಷೆ ಅಂತ ಇದೆ. ವೃತ್ತಿಯ ಪರವಾನಗಿಗೂ ಅದೇ, ಎಂಡಿಎಸ್ ಸೀಟಿಗೂ ಅದೇ. ಅದು ಜಾರಿಗೆ ಬಂದರೆ ಕಾಲೇಜಿನ ಹೆಸರಿನ ತೂಕ ಇನ್ನೂ ಇಳಿಯುತ್ತೆ.

ಹಾಗಂತ ಮೈಸೂರಿನ ಕಡೆ ಏನೂ ಇಲ್ಲ ಅನ್ನೋದು ಅನ್ಯಾಯ. ಅದೇ ಸಂಸ್ಥೆಯ ಮೆಡಿಕಲ್ ಕಾಲೇಜು, ದೊಡ್ಡ ಆಸ್ಪತ್ರೆ ಅದೇ ಊರಲ್ಲಿರೋದು ಸಣ್ಣ ವಿಷಯ ಅಲ್ಲ. ಅಪಘಾತದಲ್ಲಿ ದವಡೆ ಮುರಿದವರು, ಬಾಯಿ ಕ್ಯಾನ್ಸರಿನವರು ದೊಡ್ಡ ಆಸ್ಪತ್ರೆಗೇ ಬರೋದು. ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯನ್ನೇ ಮಾಡ್ತೀನಿ, ಎಂಡಿಎಸ್ ಮಾಡೇ ಮಾಡ್ತೀನಿ ಅಂತ ಈಗಲೇ ಗಟ್ಟಿ ಮನಸ್ಸಿರೋ ಹುಡುಗಿಗೆ, ಮನೆಯಲ್ಲಿ ಅನುಕೂಲವೂ ಇದ್ದರೆ, ನಾನೇ ಮೈಸೂರು ಅಂತೀನಿ. ಸರ್ಕಾರಿ ಕಾಲೇಜಿನ ಸೀಟು ಸಿಕ್ಕಿದ್ದರಂತೂ ಈ ಚರ್ಚೆಯೇ ಇರ್ತಿರಲಿಲ್ಲ, ಬೆಂಗಳೂರು ಕೋಟೆಯ ಸರ್ಕಾರಿ ದಂತ ಕಾಲೇಜಿಗೆ ಪೆಟ್ಟಿಗೆ ಕಟ್ಟೋದಷ್ಟೇ. ನಮ್ಮ ಹುಡುಗಿಯದು ಆ ಎರಡೂ ಅಲ್ಲ. ಅವಳು ಕೇಳಿದ್ದು ಇಷ್ಟೇ: "ಅಣ್ಣ, ಎರಡೂ ಕಡೆ ಕೀಳೋದು ಅದೇ ಹಲ್ಲು ತಾನೇ?"

ಊರಿಗೆ ವಾಪಸ್ ಬರ್ತೀನಿ ಅನ್ನೋದನ್ನ ನೆಂಟರು ನಂಬಲ್ಲ. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುವಾಗಲೇ ಸ್ವಾಮಿ ವಿವೇಕಾನಂದ ಯುವ ಚಳವಳಿ ಶುರು ಮಾಡಿ, ಕೋಟೆ ತಾಲ್ಲೂಕಿನ ಹಾಡಿಗಳ ಕಡೆ ಹೋದರು. ಸರಗೂರಿನ ಆಸ್ಪತ್ರೆ ಆಮೇಲಿನ ಮಾತು. ಅಷ್ಟು ದೊಡ್ಡದು ನಮ್ಮ ಹುಡುಗಿಯಿಂದ ಯಾರೂ ಕೇಳ್ತಿಲ್ಲ, ಹುಣಸೂರು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕುರ್ಚಿ ಹಾಕಿದರೆ ಸಾಕು.

ಕೊನೆಗೆ ನಾನು ಹೇಳಿದ್ದು, ವೆಬ್‌ಸೈಟು ನೋಡಿ ತೀರ್ಮಾನ ಮಾಡಬೇಡಿ, ಕೆಲಸದ ದಿನ ಬೆಳಗ್ಗೆ ಹತ್ತು ಗಂಟೆಗೆ ಎರಡೂ ಕಡೆ ಹೋಗಿ ಹೊರರೋಗಿ ವಿಭಾಗದಲ್ಲಿ ಒಂದು ಗಂಟೆ ಸುಮ್ಮನೆ ಕೂತ್ಕೊಳ್ಳಿ ಅಂತ. ಎಷ್ಟು ಜನ ಚೀಟಿ ಮಾಡಿಸ್ತಾರೆ, ಎಷ್ಟು ಕುರ್ಚಿ ಖಾಲಿ ಇದೆ ನೋಡಿ. ಇಂಟರ್ನಿಗಳನ್ನ ಹಿಡಿದು ನಿನ್ನೆ ನೀವೇ ಕೈಯಾರೆ ಏನು ಮಾಡಿದಿರಿ ಅಂತ ಕೇಳಿ, ಏನು ನೋಡಿದಿರಿ ಅಂತಲ್ಲ. ಹಾಗೇ ಹಾಸ್ಟೆಲ್ ಊಟವನ್ನೂ ವಿಚಾರಿಸಿ, ಅದೂ ಮುಖ್ಯವೇ.

ನಾಳೆ ಮೊದಲ ಬಸ್ಸಿಗೆ ಅಪ್ಪ ಮಗಳು ವಿರಾಜಪೇಟೆಗೆ ಹೊರಟಿದ್ದಾರೆ. ಚಿಕ್ಕಪ್ಪನಿಗೆ ಎಡಗಡೆಯ ದವಡೆ ಹಲ್ಲು ಆರು ತಿಂಗಳಿಂದ ನೋಯ್ತಿದೆಯಂತೆ, ಚೀಟಿ ಮಾಡಿಸಿ ತೋರಿಸಿಯೇ ಬರ್ತಾರಂತೆ.