ಮಳೆನೀರಿನ ಕಾಲುವೆಯಲ್ಲಿ ಯಾರ ಹೇಲು?

ಮಳೆಯ ಮೇಲೆ ಪದ್ಯ ಬರೀರಿ ಅಂತಾರೆ ನಮಗೆ. ಕವಿಗೋಷ್ಠಿ ಆಷಾಢದಲ್ಲಿದ್ದರಂತೂ ಮಳೆ ಬೇಕೇ ಬೇಕು. ಮುಗಿಲು, ನವಿಲು, ಮಣ್ಣಿನ ವಾಸನೆ. ನಾವೂ ಬರೀತೀವಿ ಸ್ವಾಮಿ. ಆದರೆ ನಮ್ಮ ಕೇರಿಗೆ ಮಳೆ ಮೇಲಿನಿಂದ ಬರೋದಿಲ್ಲ, ಕೆಳಗಿನಿಂದ ಬರುತ್ತೆ. ರಾಜಕಾಲುವೆ ಉಕ್ಕಿ, ಹೊಸಿಲು ದಾಟಿ, ಒಲೆಯೊಳಗೆ ಬಂದು ನಿಲ್ಲುತ್ತೆ. ಅದಕ್ಕೆ ಮಣ್ಣಿನ ವಾಸನೆ ಇಲ್ಲ, ಮೇಲಿನ ಬಡಾವಣೆಯ ಕಕ್ಕಸಿನ ವಾಸನೆ ಇದೆ. ಆ ವಾಸನೆಯನ್ನು ಪದ್ಯಕ್ಕೆ ತಂದರೆ ರಸಭಂಗ ಅಂತಾರೆ. ಮನೆಯೇ ಭಂಗವಾದವರಿಗೆ ರಸಭಂಗದ ಚಿಂತೆ ಯಾಕೆ? ಆದ್ದರಿಂದ ಈ ಸಲ ಪದ್ಯ ಪಕ್ಕಕ್ಕಿಟ್ಟು ಗದ್ಯದಲ್ಲೇ ಕೇಳುತ್ತೇವೆ: ಮಳೆನೀರಿನ ಕಾಲುವೆಯಲ್ಲಿ ಹರೀತಿರೋದು ಯಾರ ಹೇಲು?

ನಾವು ನಮ್ಮ ಕೇರಿಗೆ ಮೊದಲ ಡಿಗ್ರಿ ತಂದವರು. ನಮ್ಮಪ್ಪಂದಿರು ಹೆಬ್ಬೆಟ್ಟು ಒತ್ತಿದ ಕಾಗದಗಳನ್ನು ಅವರಿಗೇ ಓದಿ ಹೇಳೋದು ನಮ್ಮ ಡಿಗ್ರಿಗೆ ಸಿಕ್ಕ ಮೊದಲ ಉದ್ಯೋಗ. ಒಮ್ಮೆ ಗುತ್ತಿಗೆದಾರನೊಬ್ಬನ ಹಾಜರಿ ಪಟ್ಟಿ ಕೈಗೆ ಬಂತು. ಅದರಲ್ಲಿ ಕೆಲಸದ ಹೆಸರು ಹೀಗಿತ್ತು: 'ಮಳೆನೀರು ಕಾಲುವೆಯಲ್ಲಿ ಹೂಳು ತೆಗೆಯುವುದು'. ಓದಿದೆವು. ಅಪ್ಪ ನಕ್ಕರು. "ಹೂಳು ಅಂತ ಬರ್ದವ್ರಾ? ಬರ್ದವನು ಒಂದ್ಸಲ ಇಳೀಲಿ ಅದ್ರೊಳಕ್ಕೆ. ಹೂಳೋ ಹೇಲೋ ಅವ್ನ ಮೂಗೇ ಹೇಳ್ತದೆ" ಅಂದರು.

ಆ ಒಂದು ಪದದ ಹಿಂದೆ ನಾವು ಹೊರಟೆವು. ಹೂಳು. ಎರಡಕ್ಷರದ ಸುಳ್ಳು.

ರಾಜಕಾಲುವೆ ಅಂದರೇನು? ಬೆಂಗಳೂರು ದಿಣ್ಣೆಯ ಮೇಲಿನ ಊರು. ಇಲ್ಲಿ ಬಿದ್ದ ಮಳೆ ಒಂದು ಕಡೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಹೋಗುತ್ತೆ. ಇನ್ನೊಂದು ಕಡೆ ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರನ್ನು ಕೆಳಗಿನ ಕೆರೆಗೆ ಒಯ್ಯುವ ದಾರಿಯೇ ರಾಜಕಾಲುವೆ. ಹೆಸರಲ್ಲಿ ರಾಜ ಇದ್ದಾನೆ. ಆದರೆ ಆ ನೀರನ್ನು ಕಾದವನು ರಾಜನಲ್ಲ, ನೀರುಗಂಟಿ. ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಅಂತ ಅಳೆದು ಬಿಟ್ಟವನು. ಅನೇಕ ಊರುಗಳಲ್ಲಿ ಆ ನೀರುಗಂಟಿ ನಮ್ಮವನೇ, ಹೊಲಗೇರಿಯವನು. ಇಡೀ ಊರಿಗೆ ನೀರು ಹಂಚಿದವನು ಊರ ಬಾವಿಯಲ್ಲಿ ಕೊಡ ಇಳಿಸುವಂತಿರಲಿಲ್ಲ. ಇದನ್ನು 'ನಮ್ಮ ಪೂರ್ವಿಕರ ಜಲಜ್ಞಾನ' ಅಂತ ವಿಚಾರಸಂಕಿರಣದಲ್ಲಿ ಹೊಗಳುವವರು ಈ ಕಡೆಯ ವಾಕ್ಯವನ್ನು ಮಾತ್ರ ನುಂಗಿಬಿಡುತ್ತಾರೆ.

ಆಮೇಲೆ ಏನಾಯಿತು? ನಗರಕ್ಕೆ ದೂರದಿಂದ ಕೊಳಾಯಿ ನೀರು ಬಂತು. ಹೆಸರಘಟ್ಟ, ಅದಾದ ಮೇಲೆ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಕುಡಿಯಲು ಕೆರೆ ಬೇಡವಾಯಿತು. ಬೇಡವಾದ ಕೆರೆಯ ಜಾಗ ಮಾತ್ರ ಬೇಕಾಯಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಚಲ್ಲಘಟ್ಟದ ಕೆರೆಯಲ್ಲಿ ದೊಡ್ಡವರು ಗಾಲ್ಫ್ ಆಡುತ್ತಾರೆ. ಇವನ್ನೆಲ್ಲ ಗುಡಿಸಲಿನವರು ಒತ್ತುವರಿ ಮಾಡಿದರೇ? ಉಳಿದ ಕೆರೆಗಳಿಗೂ ಕಾಲುವೆಗಳಿಗೂ ನಗರ ತನ್ನ ಹಿತ್ತಿಲ ಬಾಗಿಲು ತೆರೆಯಿತು. ಒಳಚರಂಡಿ ಇಲ್ಲದ ಕಡೆ ಕಕ್ಕಸಿನ ಪೈಪು ನೇರ ಕಾಲುವೆಗೆ. ಒಳಚರಂಡಿ ಇದ್ದ ಕಡೆಯೂ ಅದು ಒಡೆದು, ತುಂಬಿ, ಕಾಲುವೆಗೆ. ಸೋಪಿನ ನೀರು, ಕಾರ್ಖಾನೆಯ ನೀರು, ಆಸ್ಪತ್ರೆಯ ನೀರು, ಎಲ್ಲವೂ ಕಾಲುವೆಗೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿ ಕೆರೆಗೆ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಮತ್ತೆ ಬಿತ್ತು, ಆರಿಸಲು ಸೈನ್ಯದವರು ಬಂದರು. ಕೆರೆಗೆ ಬೆಂಕಿ ಬಿದ್ದರೆ ಜಗತ್ತಿನ ಪತ್ರಿಕೆಗಳಿಗೆ ಸುದ್ದಿ. ಅದೇ ನೀರಿನಲ್ಲಿ ಸೊಂಟದವರೆಗೆ ನಿಂತ ಮನುಷ್ಯ ಯಾವ ಪತ್ರಿಕೆಗೂ ಸುದ್ದಿಯಲ್ಲ.

ನಿಯಮಗಳಿಲ್ಲವೇ? ಇದ್ದಾವೆ ಸ್ವಾಮಿ, ಕಟ್ಟುಗಟ್ಟಲೆ ಇದ್ದಾವೆ. 1974ರ ಜಲಮಾಲಿನ್ಯ ಕಾಯ್ದೆ ಇದೆ. ದೊಡ್ಡ ಮನೆಯವರು ಮಳೆಕೊಯ್ಲು ಮಾಡಲೇಬೇಕು ಅಂತ 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ಬಂತು. ಕೆರೆಯ ಅಂಚಿನಿಂದ ಇಷ್ಟು ಮೀಟರ್, ಕಾಲುವೆಯಿಂದ ಇಷ್ಟು ಮೀಟರ್ ಕಟ್ಟಡ ಕಟ್ಟಬಾರದು ಅಂತ ನಗರದ ಮಹಾಯೋಜನೆಯಲ್ಲಿದೆ. ಅದು ಸಾಲದು ಅಂತ 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ ದರ್ಜೆಯ ಪ್ರಕಾರ 50, 35, 25 ಮೀಟರ್ ಅಂದಿತು. ಮಹಾಯೋಜನೆಯನ್ನು ಬದಲಿಸುವ ಅಧಿಕಾರ ಮಂಡಳಿಗಿಲ್ಲ ಅಂತ 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಅಳತೆಪಟ್ಟಿ ಹಿಗ್ಗಿತು, ಕುಗ್ಗಿತು. ನಮ್ಮಪ್ಪಂದಿರ ಸೊಂಟದ ನೀರು ಮಾತ್ರ ಅಷ್ಟೇ ಇತ್ತು.

ಈ ನಿಯಮಗಳಿಗೆಲ್ಲ ಒಂದೇ ರೋಗ. ಇವು ನೀರನ್ನು ನೋಡುತ್ತವೆ, ನೆಲವನ್ನು ನೋಡುತ್ತವೆ, ಕಾಲುವೆಗೆ ಇಳಿಯುವವನನ್ನು ನೋಡೋದಿಲ್ಲ. ಮಳೆನೀರಿಗೆ ಒಂದು ದಾರಿ, ಕೊಳಚೆಗೆ ಇನ್ನೊಂದು ದಾರಿ ಅನ್ನುತ್ತೆ ಕಾಗದ. ಕಾಗದದ ಪ್ರಕಾರ ರಾಜಕಾಲುವೆಯಲ್ಲಿ ಇರೋದು ಮಳೆ ಮಾತ್ರ. ಆದ್ದರಿಂದ ಅಲ್ಲಿ ಹೇಲು ಇಲ್ಲ. ಹೇಲು ಇಲ್ಲದ ಮೇಲೆ ಅದನ್ನು ಬಾಚುವವನೂ ಇಲ್ಲ. ಮಲ ಬಾಚಿಸೋದನ್ನು ನಿಷೇಧಿಸಿದ 2013ರ ಕಾಯ್ದೆ ನಮ್ಮಪ್ಪನಿಗೆ ಯಾಕೆ ಅನ್ವಯಿಸೋದಿಲ್ಲ ಅಂತ ಕೇಳಿದರೆ ಗುತ್ತಿಗೆದಾರ ಹೇಳಿದ್ದೂ ಇದನ್ನೇ: "ಇದು ಯುಜಿಡಿ ಅಲ್ಲಪ್ಪ, ಮಳೆನೀರಿನ ಚರಂಡಿ. ನಿಮ್ಮಪ್ಪ ಹೂಳೆತ್ತೋನು."

ನಾವು ಕಾಯ್ದೆ ತಂದು, ಕೇರಿಯ ದೀಪದ ಕಂಬದ ಕೆಳಗೆ ಕೂತು, ಸಾಲು ಸಾಲಾಗಿ ಓದಿದೆವು. ಅನೈರ್ಮಲ್ಯ ಶೌಚಾಲಯ ಅಂದರೇನು ಅಂತ ಅದರಲ್ಲೇ ಅರ್ಥ ಕೊಟ್ಟಿದ್ದಾರೆ. ಮಲ ಇನ್ನೂ ಪೂರ್ತಿ ಕೊಳೆಯುವ ಮುಂಚೆ, ಆ ಜಾಗದಲ್ಲೇ ಆಗಲಿ, ಅದು ಹರಿದು ಬೀಳುವ ತೆರೆದ ಚರಂಡಿಯಲ್ಲಾಗಲಿ, ಗುಂಡಿಯಲ್ಲಾಗಲಿ, ಮನುಷ್ಯನ ಕೈಯಿಂದ ತೆಗೆಯಬೇಕಾಗಿ ಬಂದರೆ ಅದು ಅನೈರ್ಮಲ್ಯ ಶೌಚಾಲಯ. ಇನ್ನೊಂದು ಸಲ ಓದಿ ಗೆಳೆಯರೇ. ತೆರೆದ ಚರಂಡಿ. ಹಾಗಾದರೆ ಹತ್ತನೇ ಮಹಡಿಯ ಅಮೃತಶಿಲೆಯ ಕಕ್ಕಸಿನ ಪೈಪು ರಾಜಕಾಲುವೆಗೆ ಬಿದ್ದು, ಅಲ್ಲಿ ನಮ್ಮಪ್ಪ ಕೈಯಿಂದ ಬಾಚಬೇಕಾದರೆ, ಆ ಅಮೃತಶಿಲೆಯ ಕಕ್ಕಸು ಹಳೇ ಒಣ ಕಕ್ಕಸಿನ ಒಡಹುಟ್ಟಿದ ತಮ್ಮ. ಸುಗಂಧ ಹಚ್ಚಿಕೊಂಡಿದ್ದಾನೆ, ಅಷ್ಟೇ. ಎಪ್ಪತ್ತರ ದಶಕದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರೋದನ್ನು ನಿಲ್ಲಿಸಿದರು. ಹೌದು, ತಲೆಯ ಮೇಲಿಂದ ಇಳಿಯಿತು. ಈಗ ತಲೆಯೇ ಅದರೊಳಗೆ ಇಳಿದಿದೆ.

ಇದು ಬರೀ ಮಾತಿನ ಚಮತ್ಕಾರ ಅಂತೀರಾ? 2017ರ ಮಾರ್ಚಿನಲ್ಲಿ ಸಿ.ವಿ. ರಾಮನ್ ನಗರದ ಹತ್ತಿರ ಮ್ಯಾನ್‌ಹೋಲಿನಲ್ಲಿ ಮೂರು ಜನ ಸತ್ತರು. 2018ರ ಜನವರಿಯಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣ ಘಟಕದಲ್ಲಿ ಇನ್ನೂ ಮೂರು ಜನ ಸತ್ತರು. ಕೊಳೆತ ಮಲದಿಂದ ಏಳುವ ವಿಷಗಾಳಿ ಹೂಳಿನ ಹೆಸರು ಕೇಳಿ ಸುಮ್ಮನಿರೋದಿಲ್ಲ. ಒಳಚರಂಡಿಯಲ್ಲಿ ಸತ್ತವನ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಸಾವಿನ ಬೆಲೆ ಏರಿದೆ. ಬದುಕಿನ ಕೂಲಿ ಏರಿಲ್ಲ. ಆ ಪರಿಹಾರ ಬೇಕಾದರೂ ಅವನು ಸತ್ತದ್ದು 'ಒಳಚರಂಡಿ'ಯಲ್ಲಿ ಅಂತ ಸಾಬೀತಾಗಬೇಕು. ಎರಡಕ್ಷರದ ಆ ಹೂಳು ಹೆಣದ ಮೇಲೂ ಮುಚ್ಚಿಕೊಳ್ಳುತ್ತೆ.

ಈಗ ಮೈಲಿಗೆಯ ಮಾತಿಗೆ ಬರೋಣ. ಮೈಲಿಗೆ ಅಂದರೂ ಕೊಳೆಯೇ, ಮಾಲಿನ್ಯ ಅಂದರೂ ಕೊಳೆಯೇ. ಆದರೆ ನಾವು ಮುಟ್ಟಿದರೆ ನೀರು ಮೈಲಿಗೆ. ಅವರು ಹೇತರೆ ಮಾಲಿನ್ಯ. ಮೈಲಿಗೆಗೆ ಬಹಿಷ್ಕಾರ, ಮಾಲಿನ್ಯಕ್ಕೆ ನೋಟೀಸು. ಮಹಾಡಿನ ಕತೆ ನೆನೆಯಿರಿ. ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯಬೇಕು ಅಂತ ಅಲ್ಲಿನ ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. ನಿರ್ಣಯ ಕಡತದಲ್ಲಿ ಮಲಗಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಬೊಗಸೆ ನೀರು ಕುಡಿದರು. ಅಲ್ಲಿನ ಮೇಲುಜಾತಿಯವರು 108 ಮಡಕೆಗಳಲ್ಲಿ ಹಾಲು, ಮೊಸರು, ಸಗಣಿ, ಗಂಜಲ ತಂದು ಕೆರೆಗೆ ಸುರಿದು 'ಶುದ್ಧ' ಮಾಡಿದರು. ಪುರಸಭೆ ಅದೇ ವರ್ಷ ತನ್ನ ನಿರ್ಣಯವನ್ನು ವಾಪಸ್ ಪಡೆಯಿತು. ಕೋರ್ಟು ನಮ್ಮ ಕಡೆ ಹೇಳಲು 1937 ಆಯಿತು. ಕೆರೆಗೆ ಸಗಣಿ ಸುರಿದವರು ಶುದ್ಧಿ ಮಾಡಿದವರು, ನೀರು ಕುಡಿದವರು ಕೆಡಿಸಿದವರು! ಇಂದಿನ ರಾಜಕಾಲುವೆಯ ಲೆಕ್ಕವೂ ಇದೇ. ಹೇಲು ಬಿಟ್ಟವರು 'ನಿವಾಸಿಗಳ ಸಂಘ'ದವರು, ಅದರ ದಡದಲ್ಲಿ ತಗಡು ಹೊದಿಸಿ ಬದುಕುವವರು 'ಮಾಲಿನ್ಯಕ್ಕೆ ಕಾರಣರು'.

2022ರ ಸೆಪ್ಟೆಂಬರ್ ಮಳೆಗೆ ಮಹದೇವಪುರದ ಕಡೆ ಬಂಗಲೆಗಳಿಗೆ ನೀರು ನುಗ್ಗಿತು. ದೊಡ್ಡ ದೊಡ್ಡ ಸಂಬಳದವರು ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ದೇಶವೇ ಅಯ್ಯೋ ಅಂದಿತು. ನಾವೂ ಅಂದೆವು, ನೀರಿನಲ್ಲಿ ನಿಂತ ಮನುಷ್ಯನನ್ನು ನೋಡಿ ನಗುವ ಸಂಸ್ಕಾರ ನಮಗಿಲ್ಲ. ಆದರೆ ನಮ್ಮ ಕೇರಿಗೆ ಪ್ರತಿ ಮಳೆಗೂ ನೀರು ನುಗ್ಗುತ್ತೆ, ಯಾವ ಟ್ರ್ಯಾಕ್ಟರೂ ಬರೋದಿಲ್ಲ. ಮಳೆ ನಿಂತ ಮೇಲೆ ಬುಲ್ಡೋಜರ್ ಮಾತ್ರ ಬರುತ್ತೆ. ಬುಲ್ಡೋಜರಿಗೂ ಜಾತಿ ಗೊತ್ತು, ಸ್ವಾಮಿ. ತಗಡಿನ ಶೆಡ್ಡಿನ ಮುಂದೆ ಅದರ ಬ್ರೇಕು ಹಿಡಿಯೋದಿಲ್ಲ, ಗಾಜಿನ ಗೋಡೆಯ ಮುಂದೆ ತಡೆಯಾಜ್ಞೆ ಹಿಡಿಯುತ್ತೆ.

ಹಾಗಾದರೆ ನಿಯಮವೇ ಬೇಡವೇ ಅಂತ ಪರಿಸರವಾದಿ ಗೆಳೆಯರು ಕೇಳುತ್ತಾರೆ. 'ಕೆರೆ ಎಲ್ಲರದು, ಹೊಣೆ ಎಲ್ಲರದು, ಜಾತಿ ಯಾಕೆ ತರ್ತೀರಿ' ಅಂತಾರೆ. ನಾವು ತರಲಿಲ್ಲಪ್ಪ, ಅದು ಕಾಲುವೆಯಲ್ಲಿ ಮೊದಲೇ ಇತ್ತು. ಹೊಣೆ ಎಲ್ಲರದು ಅನ್ನೋದಾದರೆ ಬಾಚುವ ಕೆಲಸವೂ ಎಲ್ಲರದಾಗಲಿ. ಆದಿತ್ಯವಾರ ಕೈಚೀಲ ಹಾಕಿಕೊಂಡು ಕೆರೆದಂಡೆಯಲ್ಲಿ ಪ್ಲಾಸ್ಟಿಕ್ ಆಯ್ದು ಫೋಟೋ ತೆಗೆಸಿಕೊಳ್ಳುವವರು ಸೋಮವಾರ ಕಾಲುವೆಗೆ ಇಳಿದದ್ದನ್ನು ನಾವು ಇನ್ನೂ ನೋಡಿಲ್ಲ. ನಿಯಮ ಬೇಡ ಅನ್ನುವವರು ನಾವಲ್ಲ. ಮಹಾಡಿನಲ್ಲಿ ನಮ್ಮವರು ನಡೆದದ್ದೇ ಒಂದು ಪುರಸಭೆಯ ನಿರ್ಣಯ ಹಿಡಿದು. ನಿಯಮಕ್ಕೆ ಕಾಲಿಲ್ಲ. ಕಾಲು ನಾವು ಕೊಡಬೇಕು.

ನಮ್ಮ ಬೇಡಿಕೆಗಳು ಕಷ್ಟದವೇನಲ್ಲ.

ಕೊಳಚೆ ಹರಿಯುವ ಕಾಲುವೆಯನ್ನು ಕಾಗದದಲ್ಲೂ ಕೊಳಚೆ ಕಾಲುವೆ ಅಂತಲೇ ಬರೆಯಿರಿ. ಹೂಳು ಅನ್ನೋ ಪದವನ್ನು ಗುತ್ತಿಗೆ ಪತ್ರದಿಂದ ಕಿತ್ತುಹಾಕಿ. ಅಲ್ಲಿಗೆ ಮನುಷ್ಯನಲ್ಲ, ಯಂತ್ರ ಇಳಿಯಲಿ. ಯಂತ್ರ ಓಡಿಸುವ ಕೆಲಸ, ಕಾಯಂ ಸಂಬಳದ ಕೆಲಸ, ಇಲ್ಲಿಯವರೆಗೆ ಕೈಯಿಂದ ಬಾಚಿದವರಿಗೇ ಮೊದಲು ಸಿಗಲಿ. ಕಾಲುವೆಗೆ ಪೈಪು ಬಿಟ್ಟ ಪ್ರತಿ ಕಟ್ಟಡಕ್ಕೂ 2013ರ ಕಾಯ್ದೆಯ ಪ್ರಕಾರ ಅನೈರ್ಮಲ್ಯ ಶೌಚಾಲಯ ಅಂತ ನೋಟೀಸು ಕೊಡಿ. ಎಷ್ಟು ಮಹಡಿ ಅಂತ ಎಣಿಸಬೇಡಿ. ಒಳಚರಂಡಿಯ ಪೈಪು ಮೊದಲು ಕೇರಿಗೆ ಬರಲಿ, ಆಮೇಲೆ ಬಡಾವಣೆಗೆ ಹೋಗಲಿ. ಅಳತೆಪಟ್ಟಿ ಹಿಡಿಯುವುದಾದರೆ ಗಾಲ್ಫ್ ಮೈದಾನದಿಂದ ಶುರುಮಾಡಿ, ಕಟ್ಟಕಡೆಗೆ ತಗಡಿನ ಶೆಡ್ಡಿಗೆ ಬನ್ನಿ. ಬರುವಾಗ ಮನೆಯ ಹಕ್ಕುಪತ್ರ ತನ್ನಿ. ಪಾಲಿಕೆ ಹೋಗಿ 2025ರಲ್ಲಿ ಪ್ರಾಧಿಕಾರ ಬಂದಿದೆ, ಒಂದಿದ್ದದ್ದು ಐದು ಪಾಲಿಕೆಗಳಾಗಿವೆ. ಐದೂ ಪಾಲಿಕೆಗಳಲ್ಲಿ ಮಳೆನೀರಿನ ನಿಯಮ ಬರೆಯುವ ಮೇಜಿನ ಸುತ್ತ ಪೌರಕಾರ್ಮಿಕ ಹೆಂಗಸರು ಕುರ್ಚಿ ಹಾಕಿಕೊಂಡು ಕೂರಲಿ. ಚಹಾ ಕೊಡಲು ಅಲ್ಲ, ರುಜು ಹಾಕಲು.

2010ರ ಜುಲೈನಲ್ಲಿ ಸವಣೂರಿನ ಭಂಗಿ ಬಂಧುಗಳು ತಮ್ಮ ಮನೆ ಉಳಿಸಿಕೊಳ್ಳಲು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ನಾಡು ಮೂಗು ಮುಚ್ಚಿಕೊಂಡಿತು. ಮೂಗು ಮುಚ್ಚಿದ ಕೈ ಕಣ್ಣನ್ನೂ ಮುಚ್ಚಿತು. ನಾವು ಹಾಗೆ ಮಾಡೋದಿಲ್ಲ. ನಮ್ಮ ಮೈ ಇನ್ನು ಇದಕ್ಕೆ ಸಾಕಾಗಿದೆ. ನಾವು ಕಾಯ್ದೆಯ ಪುಸ್ತಕ ಹಿಡಿದು, ಕಾಲುವೆಯ ದಂಡೆ ಹಿಡಿದು, ಮೇಲಕ್ಕೆ ನಡೆಯುತ್ತೇವೆ. ಪೈಪು ಎಲ್ಲಿಂದ ಬರುತ್ತೋ ಅಲ್ಲಿಯವರೆಗೆ. ಬಾಗಿಲು ತಟ್ಟುತ್ತೇವೆ. ಬಾಗಿಲು ತೆಗೆದವರನ್ನು ಒಂದೇ ಮಾತು ಕೇಳುತ್ತೇವೆ: ಇದು ನಿಮ್ಮದಲ್ಲವೇ?

ನಮ್ಮಪ್ಪನಿಗೆ ಈ ಬರಹ ಓದಿ ಹೇಳಿದೆವು. ಸುಮ್ಮನೆ ಕೇಳಿದರು. ಕೊನೆಗೆ ಇಷ್ಟೇ ಅಂದರು: "ಬರ್ದದ್ದು ಸರಿ ಅದೆ. ನಾಳೆ ನಾನು ಇಳಿಯಾಕಿಲ್ಲ ಅಂತಾನೂ ಅದ್ರಲ್ಲಿ ಬರ್ಕೊ."

ಬರೆದುಕೊಂಡಿದ್ದೇವೆ.