ನೂರು ಕೋಳಿಯ ಸೀಸೆ, ಹತ್ತು ಕೋಳಿಯ ಮನೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹ್ಯಾಟೆ ಕಾವಿಗೆ ಕೂತರೆ 21 ದಿನ ಮಂಕರಿ ಹತ್ತಿರ ಮಕ್ಕಳು ಸುಳಿಯುವಂತಿಲ್ಲ. ಹತ್ತು ಮೊಟ್ಟೆಯಲ್ಲಿ ಎಂಟು ಒಡೆದರೆ ಮನೆಯಾಕೆಗೆ ಹಬ್ಬ. ಹೆಬ್ಬಾಳದಲ್ಲಿ ತಯಾರಾದ ಗಿರಿರಾಜ ತೂಕದಲ್ಲಿ ಗಟ್ಟಿ, ಕಾವಿಗೆ ಮಾತ್ರ ಸೋಮಾರಿ. ಅದರ ಮೊಟ್ಟೆಗೂ ನಾಟಿ ಹ್ಯಾಟೆಯೇ ತಾಯಿ.

ಕೊಕ್ಕರೆ ರೋಗ ಬಂತೋ, ವಾರದಲ್ಲಿ ಕೇರಿಯ ಗೂಡೆಲ್ಲ ಖಾಲಿ. ಲಸಿಕೆ ಇಲ್ಲವೇ? ಇದೆ. ಮರಿಗೆ ಮೊದಲ ವಾರ ಕಣ್ಣಿಗೊಂದು ಹನಿ, ಎಂಟನೇ ವಾರ ಸೂಜಿ. ಆದರೆ ಸೀಸೆ ಕಡಿಮೆಯೆಂದರೂ ನೂರು ಕೋಳಿಗಾಗುವಂಥದ್ದು. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿಯಾಕೆ ಉಳಿದ ತೊಂಬತ್ತರದ್ದು ಚರಂಡಿಗೆ ಸುರೀತಾಳೆಯೇ? ಕೊಳ್ಳೋದನ್ನೇ ಬಿಡ್ತಾಳೆ.

ಯಾರ ಮನೇಲಿ ಎಷ್ಟು ಕೋಳಿ, ಎಷ್ಟು ಮರಿ ಅಂತ ಶಾಲೆ ಮಕ್ಕಳು ಒಂದೇ ದಿನದಲ್ಲಿ ಪಟ್ಟಿ ಬರೆದಾರು. ಪುಸ್ತಕದ ಲೆಕ್ಕಕ್ಕಿಂತ ಅದು ವಾಸಿ. ಪಶು ಆಸ್ಪತ್ರೆಯವರು ತಿಂಗಳಿಗೊಂದು ಸಂಜೆ, ಕೋಳಿ ಗೂಡು ಸೇರುವ ಹೊತ್ತಿಗೆ, ಐಸ್ ಡಬ್ಬಿ ಹಿಡಿದು ಹಾಲಿನ ಡೈರಿ ಮುಂದೆ ಬಂದರೆ ಒಂದು ಸೀಸೆ ಇಡೀ ಬೀದಿಗೆ ಸಂದೀತು. ಹಸುವಿನ ಕಾಲುಬಾಯಿ ಜ್ವರದ ಲಸಿಕೆಗೆ ಮನೆಬಾಗಿಲಿಗೆ ಬರುವವರಿಗೆ ಹೆಂಗಸರ ಕೋಳಿ ಮಾತ್ರ ಯಾಕೆ ಕಣ್ಣಿಗೆ ಬೀಳದು?